ಸರ್ಕಾರದ ಖರೀದಿಯಲ್ಲಿ ಸಣ್ಣ ಉದ್ಯಮಿಗೂ ಪಾಲುಂಟು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಸಣ್ಣ ಉದ್ಯಮ ನಡೆಸುವ ಸಮಾಜಬಾಂಧವರು ಸರ್ಕಾರದ ಟೆಂಡರ್ ಸಿರಿವಂತರಿಗಷ್ಟೇ ಎಂಬ ಅಂಜಿಕೆಯನ್ನು ತೊರೆಯಬೇಕೆಂದು ವಿನಂತಿಸುತ್ತೇವೆ.

ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಶೇಕಡಾ 20ರ ಪಾಲನ್ನು ಗೊತ್ತುಪಡಿಸಿತು. 2018ರಲ್ಲಿ ಅದು 25ಕ್ಕೇರಿತು. ಅದರಲ್ಲಿ ಶೇಕಡಾ 3 ಮಹಿಳಾ ಉದ್ಯಮಿಗಳದು. ತಯಾರಕರಿಗೆ ಟೆಂಡರ್ ಠೇವಣಿಯ ವಿನಾಯಿತಿಯೂ ಉಂಟು. ದೊಡ್ಡ ಸಂಸ್ಥೆಯ ಕನಿಷ್ಠ ದರಕ್ಕಿಂತ ನಮ್ಮ ದರ ಶೇಕಡಾ 15ರವರೆಗೆ ಹೆಚ್ಚಿದ್ದರೂ, ಆ ಕನಿಷ್ಠ ದರಕ್ಕೆ ಒಪ್ಪಿದರೆ ಒಂದು ಪಾಲು ದೊರೆಯುವುದು.

ಇದಕ್ಕೆ ಉಚಿತವಾದ ‘ಉದ್ಯಮ್’ ನೋಂದಣಿಯೇ ಮೊದಲ ಮೆಟ್ಟಿಲು. 2016ರಲ್ಲಿ ಆರಂಭವಾದ ‘ಜೆಮ್’ ಮಾರುಕಟ್ಟೆ ಎರಡನೆಯದು. ಹಣ ತಡವಾದೀತೆಂಬ ಚಿಂತೆ ಸಹಜ. ಆದರೆ 45 ದಿನ ಮೀರಿದರೆ ಬಡ್ಡಿ ಸಲ್ಲಬೇಕೆಂದು 2006ರ ಕಾಯ್ದೆ ಹೇಳುತ್ತದೆ.

ಓದುಬರಹ ಬಲ್ಲ ಮಕ್ಕಳು ಮನೆಯ ಹಿರಿಯರ ಅರ್ಜಿ ತುಂಬಿಕೊಡಲಿ. ಕಾಯಕಕ್ಕೆ ಇದೂ ಒಂದು ಆಸರೆ.