ಎರಡು ಬೆಳೆ ಕಂಡ ತಂಡ

ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಪಯಣ ಮಾಡುವವರಿಗೆ ನೆಲದ ಬಣ್ಣ ಬದಲಾಗುತ್ತ ಹೋಗುವುದು ಕಾಣದಿರದು. ನಗರದ ಬೋಳುಬಂಡೆಯ ಗುಡ್ಡಗಳು ಹಿಂದೆ ಸರಿದ ಮೇಲೆ ಕರಿಯ ಎರೆಭೂಮಿ ಎದುರಾಗುವುದು. ಅದನ್ನೂ ದಾಟಿದರೆ ತುಂಗಭದ್ರೆಯ ಕಾಲುವೆ ನೀರುಂಡ ಬತ್ತದ ಗದ್ದೆಗಳು ಹಸುರು ಹಾಸಿ ನಿಂತಿರುವುವು. ಆ ಭಾಗದ ರೈತರು ಕಾಲವನ್ನು ಪಂಚಾಂಗದಿಂದ ಅಳೆಯುವುದಕ್ಕಿಂತ ಬೆಳೆಗಳಿಂದ ಅಳೆಯುವುದೇ ಹೆಚ್ಚು. ಮಗಳ ಮದುವೆಯಾಗಿ ಎಷ್ಟು ದಿನವಾಯಿತೆಂದು ಕೇಳಿದರೆ ‘ಮೂರು ಬೆಳೆ ಆಯಿತು’ ಎಂಬ ಉತ್ತರ ಬಂದರೂ ಆಶ್ಚರ್ಯಪಡಬೇಕಾದುದಿಲ್ಲ.

2025ರ ಆಗಸ್ಟ್ ತಿಂಗಳಿನಲ್ಲಿ ಆ ಕಡೆಯ ರೈತರೊಬ್ಬರು ನನ್ನನ್ನು ಕಾಣಲು ಕಾಲೇಜಿಗೆ ಬಂದರು. ಅವರ ಹಿರಿಯ ಮಗ ನನ್ನ ವಿದ್ಯಾರ್ಥಿ. ಜೊತೆಯಲ್ಲಿ ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬಂದು ಓದುವ ಅವನ ಗೆಳೆಯನೂ ಇದ್ದನು. ವಿಷಯವೆಲ್ಲ ಮನೆಯಲ್ಲಿರುವ ಕಿರಿಯ ಮಗನದು. ಅವನಿಗೆ 13 ವರ್ಷ. ಕುಯ್ಲಾದ ಗದ್ದೆಯೇ ಅವನ ಮೈದಾನ. ಚೆಂಡು ಕಾಲಿಗೆ ಸಿಕ್ಕಿದರೆ ಊಟದ ನೆನಪೂ ಇರುವುದಿಲ್ಲವಂತೆ. ಅವನನ್ನು ತೋರಣಗಲ್ಲಿನ ಪಕ್ಕದ ವಿಜಯನಗರದಲ್ಲಿರುವ, ಬೆಂಗಳೂರು ಎಫ್.ಸಿ. ತಂಡದ ಕಾಲ್ಚೆಂಡಾಟದ ವಸತಿ ಶಾಲೆಯ ಆಯ್ಕೆಗೆ ಕಳುಹಿಸಬೇಕೆಂದು ಹುಡುಗರಿಬ್ಬರ ಹಟ. ತಂದೆಯ ಕೈಯಲ್ಲಿ ಮಡಿಸಿದ ವೃತ್ತಪತ್ರಿಕೆಯೊಂದಿತ್ತು.

“ಮೇಷ್ಟ್ರೇ, ಆ ತಂಡದಾಗ ಆಡೋರಿಗೆ ಪಗಾರ ನಿಂತೈತಂತ ಪೇಪರ್‍ನಾಗ ಬಂದೈತಿ. ದೊಡ್ಡೋರ ಗತಿ ಹಿಂಗಾದರ ಸಣ್ಣಾವನ್ನ ಕಳಸೋದು ಹ್ಯಾಂಗ? ಇಂಥಾ ತಂಡ ಎಷ್ಟು ದಿನ ಬಾಳತಾವ?” ಎಂದರು.

ಕನ್ನಡ ಅಧ್ಯಾಪಕನಿಗೆ ಕೇಳಬೇಕಾದ ಪ್ರಶ್ನೆಯಲ್ಲ ಇದು. ಆದರೆ ವಿದ್ಯಾರ್ಥಿ ದೆಸೆಯಲ್ಲಿ ಪಂದ್ಯ ನೋಡುವ ಹುಚ್ಚು ನನಗೂ ಇದ್ದುದನ್ನು ನನ್ನ ಶಿಷ್ಯ ಹೇಗೋ ತಿಳಿದಿದ್ದನು. ಉತ್ತರವಾಗಿ ನಾನು ಅವರಿಗೆ ಹೇಳಿದುದು ನಮ್ಮ ನಾಡಿನದೇ ಒಂದು ತಂಡದ ಕಥೆ. ಅದನ್ನೇ ಇಲ್ಲಿ ವಾಚಕರ ಮುಂದೆ ಇಡುತ್ತಿರುವೆನು.

*

ಕಾಲ್ಚೆಂಡಾಟವು ಕನ್ನಡ ನಾಡಿಗೆ ಹೊಸದಲ್ಲ. 1937ರಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೋರಾ ಸೈನಿಕರ ತಂಡಗಳ ಕೈಯಿಂದ ಮೊದಲು ಕಸಿದುಕೊಂಡು ಬಂದ ಭಾರತೀಯ ತಂಡವು ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಬರಿಗಾಲಿನಲ್ಲಿ ಆಡಿ ಹೆಸರಾದ ಅಹಮದ್ ಖಾನರು ಬೆಂಗಳೂರಿನವರು. ಅಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದ ರಾಮನ್ನರೂ ಆ ಊರಿನವರೇ. ಮೈಸೂರು ರಾಜ್ಯದ ತಂಡವು ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದುಕೊಂಡಿತು.

ಸ್ವಾತಂತ್ರ್ಯಾನಂತರ ಈ ಆಟಕ್ಕೆ ಆಶ್ರಯವಿತ್ತವು ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳು. ಆಟದಲ್ಲಿ ಚುರುಕಾದ ಹುಡುಗನಿಗೆ ಕಾರ್ಖಾನೆಯಲ್ಲಿ ನೌಕರಿ ದೊರೆಯುತ್ತಿತ್ತು. ಹೊತ್ತಾರೆ ಅಭ್ಯಾಸ, ಆಮೇಲೆ ಕೆಲಸ, ಪಂದ್ಯಗಳಿರುವಾಗ ರಜೆ. ಕಾಲು ಕುಂದಿದ ಮೇಲೂ ಅದೇ ಮೇಜು, ಅದೇ ಸಂಬಳ. ನಿವೃತ್ತಿಯಾದ ಮೇಲೆ ಅದರ ಸೌಲಭ್ಯಗಳು. ಐ.ಟಿ.ಐ., ಎಚ್.ಎ.ಎಲ್. ಮೊದಲಾದ ತಂಡಗಳು ಬೆಳೆದುದು ಈ ಏರ್ಪಾಡಿನಲ್ಲಿ. ವಿಮಾನ ಕಟ್ಟುವ ಕಾರ್ಖಾನೆಯ ನೌಕರರು ಸಂಜೆಯ ವೇಳೆ ಅಶೋಕನಗರದ ಕಾಲ್ಚೆಂಡು ಕ್ರೀಡಾಂಗಣದಲ್ಲಿ ಗೋಲು ಹೊಡೆಯುವುದನ್ನು ನೋಡಲು ಊರಿನ ಜನ ಸೇರುತ್ತಿದ್ದರು.

1996ರಲ್ಲಿ ರಾಷ್ಟ್ರೀಯ ಲೀಗು ಆರಂಭವಾಯಿತು. 2007ರಲ್ಲಿ ಅದು ಐ-ಲೀಗ್ ಎಂಬ ಹೊಸ ಹೆಸರನ್ನು ತಳೆದು ವೃತ್ತಿಪರ ಪಂದ್ಯಾವಳಿಯಾಯಿತು. ಎಚ್.ಎ.ಎಲ್. ತಂಡವು 2010ರಲ್ಲಿ ಎರಡನೆಯ ದರ್ಜೆಯಿಂದ ಮೇಲೇರಿ ಈ ಲೀಗನ್ನು ಪ್ರವೇಶಿಸಿತು. 14 ತಂಡಗಳು, ಪ್ರತಿಯೊಂದಕ್ಕೂ 26 ಪಂದ್ಯಗಳು. ಎದುರಾಳಿಗಳಾದರೋ ಗೋವೆಯ ಡೆಂಪೊ, ಸಾಲ್ಗಾಂವ್‌ಕರ್, ಕಲ್ಕತ್ತೆಯ ಮೋಹನ್ ಬಗಾನ್, ಈಸ್ಟ್ ಬೆಂಗಾಲ್‌ಗಳಂತಹ ಘಟಾನುಘಟಿಗಳು. ಆ ತಂಡಗಳ ಮುಂಚೂಣಿಯಲ್ಲಿ ಆಫ್ರಿಕ, ಬ್ರೆಜಿಲ್ ಮುಂತಾದ ಕಡೆಗಳಿಂದ ಹಣ ಕೊಟ್ಟು ಕರೆತಂದ ಆಟಗಾರರಿದ್ದರು. ಎಚ್.ಎ.ಎಲ್.ನಲ್ಲಿ ವಿದೇಶೀ ಆಟಗಾರರಿರಲಿಲ್ಲ. ರಕ್ಷಣಾ ಖಾತೆಯ ಕಾರ್ಖಾನೆಯೊಂದು ನೈಜೀರಿಯದ ಗೋಲುಗಾರನನ್ನು ಯಾವ ಹುದ್ದೆಗೆ ನೇಮಿಸಿಕೊಳ್ಳಬಲ್ಲುದು?

ಬಲಾಬಲದ ಈ ಅಂತರ ಎಂತಹುದಾಗಿತ್ತೆಂಬುದಕ್ಕೆ ಒಂದೇ ನಿದರ್ಶನ ಸಾಕು. ಅದೇ ಋತುವಿನಲ್ಲಿ, 2011ರ ಮೇ ತಿಂಗಳಿನಲ್ಲಿ, ಇಂತಹುದೇ ಖಾತೆಯ ತಂಡವಾದ ಏರ್ ಇಂಡಿಯಾವನ್ನು ಡೆಂಪೊ 14 ಗೋಲುಗಳಿಂದ ಸೋಲಿಸಿತು. ಏರ್ ಇಂಡಿಯಾಕ್ಕೆ ಒಂದು ಗೋಲೂ ದಕ್ಕಲಿಲ್ಲ. ಇಂತಹ ಕಣದಲ್ಲಿ ಎಚ್.ಎ.ಎಲ್. ಮೊದಲನೆಯ ವರ್ಷ ಕೆಳಗೆ ಬೀಳದೆ ಉಳಿದುಕೊಂಡಿತೆಂಬುದನ್ನು ಸಣ್ಣ ಸಾಧನೆಯೆಂದು ನಾನು ತಿಳಿಯಲಾರೆನು. ಎರಡನೆಯ ವರ್ಷ ಆ ಶಕ್ತಿ ಉಳಿಯಲಿಲ್ಲ. 2012ರಲ್ಲಿ ಪಟ್ಟಿಯ ತೀರ ಕೊನೆಯ ಸ್ಥಾನಕ್ಕಿಳಿದು, ಲೀಗಿನಿಂದ ಕೆಳಗೆ ಬಿದ್ದಿತು. ಮತ್ತೆಂದೂ ಅಲ್ಲಿಗೆ ಮರಳಲಿಲ್ಲ. ಎರಡು ಋತು, 52 ಪಂದ್ಯ: ಮೇಲಣ ದರ್ಜೆಯಲ್ಲಿ ಅದರ ಬಾಳು ಇಷ್ಟೇ.

“ಅಂದರ ಎರಡು ಬೆಳೆ ಕಂಡಿತು” ಎಂದರು ರೈತರು.

*

ಎಚ್.ಎ.ಎಲ್. ಒಂದೇ ಆ ಕಾಲದಲ್ಲಿ ಕಣ್ಮರೆಯಾಯಿತೆಂದು ಭಾವಿಸಬಾರದು. ಮುಂಬಯಿಯ ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದಿದ್ದ ಪಂಜಾಬಿನ ಜೆ.ಸಿ.ಟಿ. ಗಿರಣಿಯ ತಂಡ 2011ರಲ್ಲಿ ವಿಸರ್ಜನೆಯಾಯಿತು. ವೃತ್ತಿಪರ ಕ್ಲಬ್ಬು ಸ್ವತಂತ್ರವಾದ ಸಂಸ್ಥೆಯಾಗಿರಬೇಕು, ತನ್ನ ಲೆಕ್ಕಪತ್ರ ತಾನೇ ಇಡಬೇಕು, ಕಿರಿಯರ ತಂಡಗಳನ್ನು ಬೆಳೆಸಬೇಕು ಎಂಬ ಏಷ್ಯದ ಕಾಲ್ಚೆಂಡು ಒಕ್ಕೂಟದ ಪರವಾನಗಿ ನಿಯಮಗಳು ಬಿಗಿಯಾದಾಗ, 2013ರಲ್ಲಿ ಏರ್ ಇಂಡಿಯಾ ಮತ್ತು ಓ.ಎನ್.ಜಿ.ಸಿ. ತಂಡಗಳು ಲೀಗಿನಿಂದ ಹೊರಗಾದುವು. ಖಾತೆಯ ತಂಡಗಳಿಗೆ ಬಾಗಿಲು ಮುಚ್ಚಿದ ಆ ವರ್ಷವೇ ಬಂಡವಾಳಕ್ಕೆ ಇನ್ನೊಂದು ಬಾಗಿಲು ತೆರೆಯಿತು. ನಮ್ಮ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯನ್ನುಳ್ಳ ಜಿಂದಾಲ್ ಬಳಗವು ನೇರ ಪ್ರವೇಶವನ್ನು ಪಡೆದು ಬೆಂಗಳೂರು ಎಫ್.ಸಿ. ತಂಡವನ್ನು ಕಟ್ಟಿತು. ಎಚ್.ಎ.ಎಲ್. ಆಡಿದ ಅದೇ ಅಶೋಕನಗರದ ಕ್ರೀಡಾಂಗಣದಲ್ಲಿ ಆಡಿ, ಮೊದಲನೆಯ ಋತುವಿನಲ್ಲಿಯೇ ಲೀಗನ್ನು ಗೆದ್ದುಕೊಂಡಿತು. 2016ರಲ್ಲಿ ಏಷ್ಯದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೂ ಹೋಯಿತು. ಕಾರ್ಖಾನೆಯ ನೌಕರರು ಹತ್ತಲಾರದೆ ಹೋದ ಮೆಟ್ಟಿಲುಗಳನ್ನು ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ಕೆಲವೇ ದಿನಗಳಲ್ಲಿ ಹತ್ತಿಸಿದುವು ಎನ್ನಬಹುದು.

ಹೀಗೆಂದು ಬಂಡವಾಳದ ತಂಡಗಳೆಲ್ಲ ಚಿರಾಯುಗಳೆಂದು ತಿಳಿಯುವುದೂ ಸಲ್ಲದು. ನೆರೆಯ ಕೇರಳದಲ್ಲಿ 1997ರಲ್ಲಿ ಎಫ್.ಸಿ. ಕೊಚ್ಚಿನ್ ಹುಟ್ಟಿತು. ಭಾರತದ ಮೊದಲ ವೃತ್ತಿಪರ ಕ್ಲಬ್ಬೆಂದು ಅದನ್ನು ಹೊಗಳಿದರು. ಐ.ಎಂ. ವಿಜಯನ್, ಜೋ ಪಾಲ್ ಅಂಚೇರಿಯಂತಹ ಆಟಗಾರರನ್ನು ಅದು ಸೇರಿಸಿಕೊಂಡಿತು. ಹುಟ್ಟಿದ ವರ್ಷವೇ ಮೋಹನ್ ಬಗಾನನ್ನು ಮಣಿಸಿ ಡ್ಯುರಾಂಡ್ ಕಪ್ಪನ್ನು ಎತ್ತಿತು. ಐದು ವರ್ಷ ತುಂಬುವಷ್ಟರಲ್ಲಿ ಹಣ ಬತ್ತಿತು, ಆಟಗಾರರ ಸಂಬಳ ಬಾಕಿ ಬಿದ್ದಿತು, 2002ರಲ್ಲಿ ತಂಡವೇ ಇಲ್ಲವಾಯಿತು. ನಮ್ಮಲ್ಲಿಯೇ ಎಸ್.ಸಿ. ಬೆಂಗಳೂರು ತಂಡವು ಎರಡನೆಯ ದರ್ಜೆಯನ್ನು ಗೆದ್ದು 2024ರಲ್ಲಿ ಐ-ಲೀಗಿಗೆ ಏರಿ, ಒಂದೇ ಋತುವಿನಲ್ಲಿ ಮತ್ತೆ ಕೆಳಗಿಳಿಯಿತು. ಇನ್ನು 2025ರಲ್ಲಿ, ದೇಶದ ಮೇಲಣ ಲೀಗು ನಡೆಯುವುದೋ ಇಲ್ಲವೋ ಎಂಬ ಅನಿಶ್ಚಯ ತಲೆದೋರಿದಾಗ, ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರು ಎಫ್.ಸಿ.ಯೇ ತನ್ನ ಹಿರಿಯ ಆಟಗಾರರ ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲದವರೆಗೆ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳ ಕೆಲಸ ಮಾತ್ರ ಮುಂದುವರಿಯುವುದೆಂದು ಅದೇ ಪ್ರಕಟಣೆಯಲ್ಲಿತ್ತು. ರೈತರ ಕೈಯಲ್ಲಿದ್ದ ಪತ್ರಿಕೆಯ ಸುದ್ದಿ ಇದೇ.

*

ಈ ಕಥೆಗಳನ್ನೆಲ್ಲ ಒಟ್ಟಿಗಿರಿಸಿ ನೋಡಿದಾಗ ನನಗೆ ನೆನಪಾದುದು ತರಗತಿಯಲ್ಲಿ ವರ್ಷವೂ ವಿವರಿಸುವ ಒಂದು ಹಳೆಯ ಮಾತು: ಜೋಳವಾಳಿ. ಒಡೆಯನ ಜೋಳವನ್ನುಂಡವನು ಅವನಿಗಾಗಿ ಕಾದಬೇಕೆಂಬುದು ಕನ್ನಡ ವೀರರ ನಿಯಮ. ಪಂಪನ ಕರ್ಣನ ಬಾಳೆಲ್ಲ ಈ ಋಣದ ಸುತ್ತ ಹೆಣೆದುದು. ಆದರೆ ನಾವು ಜೋಳವಾಳಿಯನ್ನು ಆಳಿನ ಕಡೆಯಿಂದ ಮಾತ್ರ ನೋಡಿ ಕೊಂಡಾಡುವೆವು. ಅದಕ್ಕೆ ಒಡೆಯನ ಕಡೆಯಿಂದಲೂ ಒಂದು ಕಟ್ಟುಪಾಡು ಉಂಟೆಂಬುದನ್ನು ಮರೆಯುವೆವು. ಕಾದಿ ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವುದು ಆ ಕಟ್ಟುಪಾಡು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಶಾಸನಗಳಲ್ಲಿ ಇಂತಹ ದತ್ತಿಗಳ ಉಲ್ಲೇಖ ಬೇಕಾದಷ್ಟಿದೆ. ಸಿಂದರು ಆಳಿದ ಕುರುಗೋಡಿನಿಂದ ಬಂದ ಹುಡುಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. “ಕಾಯಂ ನೌಕರಿ ಅಂದ್ರ ನೆತ್ತರುಗೊಡಗೆನೇ ಆತಲ್ಲ ಸಾರ್” ಎಂದು ಅವನೇ ಅಂದುಬಿಟ್ಟನು.

ಆ ಮಾತಿನಲ್ಲಿ ಸತ್ಯವಿದೆ. ಕಾರ್ಖಾನೆಯ ತಂಡ ಗೆಲ್ಲದಿರಬಹುದು, ಲೀಗಿನಿಂದ ಬೀಳಬಹುದು; ಆದರೆ ಕಾಯಂ ನೌಕರಿ ಪಡೆದಿದ್ದ ಆಟಗಾರ ಸೋತ ಮರುದಿನವೂ ತನ್ನ ಕೆಲಸಕ್ಕೆ ಹೋಗಬಲ್ಲವನಾಗಿದ್ದನು. ತಂಡದ ಸಾವು ಅವನ ಒಲೆಯನ್ನು ಆರಿಸುತ್ತಿರಲಿಲ್ಲ. ವೃತ್ತಿಪರ ತಂಡದಲ್ಲಿ ಜೋಳ ಹೆಚ್ಚು, ಹೆಸರೂ ಹೆಚ್ಚು. ಕೊಡಗೆ ಮಾತ್ರ ಇಲ್ಲ. ಕರಾರಿನ ಕೊನೆಯ ದಿನಕ್ಕೆ ಋಣವೂ ತೀರಿತು. ಹಾಗೆಂದು ಹಳೆಯ ಏರ್ಪಾಡನ್ನು ಸ್ವರ್ಗವೆಂದು ಬಣ್ಣಿಸಲಾರೆನು. ನೌಕರಿಯ ನೆರಳಿನಲ್ಲಿ ಆಟ ಮೈಗಳ್ಳನಾಗುವುದುಂಟು. ಬೆಂಗಳೂರಿನ ಹುಡುಗರಿಗೆ ಎಟುಕಿದ ಆ ನೆರಳು ಸಿರುಗುಪ್ಪದ ಗದ್ದೆಯ ಹುಡುಗನಿಗೆ ಎಟುಕಿದುದು ಬಲು ಅಪರೂಪ. ಚೆಂಡೊದೆಯುವ ಮಗುವನ್ನು ಹುಡುಕಿ, ಊಟ ವಸತಿ ಕೊಟ್ಟು ಕಲಿಸುವ ಶಾಲೆಯೊಂದು ನಮ್ಮ ಜಿಲ್ಲೆಗೆ ಬಂದುದು ವೃತ್ತಿಪರ ತಂಡದಿಂದಲೇ ಎಂಬುದನ್ನೂ ಮರೆಯಲಾಗದು.

ಆದುದರಿಂದ ತಂಡ ಎಷ್ಟು ದಿನ ಬಾಳೀತೆಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲವೆಂದೂ, ಅದು ಇರುವಷ್ಟು ದಿನ ಆಟಗಾರನಿಗೆ ಏನು ಕೊಡುವುದು, ಹೋಗುವಾಗ ಅವನ ಕೈಯಲ್ಲಿ ಏನು ಉಳಿಸಿ ಹೋಗುವುದು ಎಂಬುದೇ ಕೇಳಬೇಕಾದ ಪ್ರಶ್ನೆಯೆಂದೂ ಅವರಿಗೆ ಹೇಳಿದೆನು.

ರೈತರು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ಕಾಯಂ ಅನ್ನೋದು ಯಾವುದೈತಿ ಬಿಡ್ರಿ” ಎಂದರು. “ಕಾಲುವಿ ನೀರೇ ಕಾಯಂ ಅಂದ್ಕೊಂಡಿದ್ವಿ. ಹೋದ ವರ್ಷ ಡ್ಯಾಮಿನ ಗೇಟೇ ಕಿತ್ತು ಹೋತು.” 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಣಿ ತುಂಡಾಗಿ, ತುಂಬಿದ್ದ ನೀರು ಹೊಳೆಯ ಪಾಲಾದುದನ್ನು ಅವರು ನೆನೆಯುತ್ತಿದ್ದರು. ಹೊಸ ಅಡ್ಡಹಲಗೆಗಳನ್ನಿಳಿಸಿ ಹರಿವನ್ನು ತಡೆಯುವವರೆಗೆ ಆ ಸೀಮೆಯ ಮನೆಮನೆಯಲ್ಲಿಯೂ ನಿದ್ದೆಯಿರಲಿಲ್ಲ. ಆದರೂ ಅದರ ಮರುವರ್ಷ ಯಾರೂ ನಾಟಿಯನ್ನು ಬಿಡಲಿಲ್ಲ.

ಎದ್ದು ನಿಂತು ಪತ್ರಿಕೆಯನ್ನು ಮತ್ತೆ ಮಡಿಸಿ ಚೀಲಕ್ಕೆ ಸೇರಿಸಿದರು. ಆಯ್ಕೆಯ ದಿನ ಮಗನೊಡನೆ ತಾವೂ ಹೋಗುವುದಾಗಿಯೂ, ಅಲ್ಲಿಯವರನ್ನು ಮೂರು ಮಾತು ಕೇಳುವುದಾಗಿಯೂ ತಿಳಿಸಿದರು. ಹುಡುಗನಿಗೆ ಹತ್ತನೆಯ ತರಗತಿ ಮುಗಿಯುವವರೆಗೂ ಓದಿಸುವರೇ? ನಡುವೆ ಬೇಡವೆಂದರೆ ಯಾವ ತಿಂಗಳಿನಲ್ಲಿ ಹೇಳುವರು, ಊರಿನ ಶಾಲೆಗೆ ಮತ್ತೆ ಸೇರಿಸಲು ವೇಳೆಯಿರುವುದೇ? ಮೂರನೆಯದನ್ನು ಬಾಗಿಲಿನ ಬಳಿ ನಿಂತು ಹೇಳಿದರು:

“ಕಾಲು ಮುರಿದರ ಯಾರು ನೋಡ್ಕೋತಾರ, ಅದನ್ನೂ ಕೇಳ್ತೀನ್ರಿ.”

ನೆತ್ತರುಗೊಡಗೆಯ ಅರ್ಥವನ್ನು ನಾನು ಇಷ್ಟು ಚಿಕ್ಕದಾಗಿ ಎಂದೂ ಹೇಳಿದವನಲ್ಲ.