ನಾಲಿಗೆಯ ಮೇಲಿನ ಬಿಳುಪು

ಜ್ವರವೆಂದು ವೈದ್ಯರಲ್ಲಿಗೆ ಹೋದರೆ ‘ನಾಲಿಗೆ ಚಾಚಿ’ ಎನ್ನುತ್ತಾರೆ. ನಾಲಿಗೆ ಬೆಳ್ಳಗಿದ್ದರೆ ಮನೆಯವರು ‘ಹೊಟ್ಟೆ ಸರಿಯಿಲ್ಲ’ ಎಂದು ತೀರ್ಮಾನಿಸುತ್ತಾರೆ. ಆದರೆ ಎಲ್ಲ ಬಿಳುಪೂ ಒಂದೇ ಬಗೆಯದಲ್ಲ. ಹೆಚ್ಚಿನವು ತಾವಾಗಿಯೇ ಮಾಯವಾಗುತ್ತವೆ. ಕೆಲವನ್ನು ಮಾತ್ರ ಕಡೆಗಣಿಸುವಂತಿಲ್ಲ. ಇವುಗಳನ್ನು ಬೇರ್ಪಡಿಸಿ ನೋಡುವುದು ಹೇಗೆ?

ಬಿಳುಪು ಬರುವುದೆಲ್ಲಿಂದ?

ನಾಲಿಗೆಯ ಮೇಲ್ಮೈಯಲ್ಲಿ ಎಳೆಯಂಥ ಅಸಂಖ್ಯ ಅಂಕುರಗಳಿವೆ. ಅವುಗಳ ತುದಿಯಲ್ಲಿರುವುದು ಕೆರಾಟಿನ್. ನಮ್ಮ ಕೂದಲು, ಉಗುರುಗಳಲ್ಲಿರುವ ಪ್ರೋಟೀನು. ಅಗಿದು ತಿನ್ನುವಾಗ ಈ ತುದಿಗಳು ಸವೆಯುತ್ತಿರುತ್ತವೆ. ಜ್ವರ ಬಂದಾಗ ಊಟ ಕಡಿಮೆ, ಜೊಲ್ಲೂ ಕಡಿಮೆ. ಸವೆತ ನಿಂತು ಅಂಕುರಗಳು ಉದ್ದವಾಗುತ್ತವೆ. ಅವುಗಳ ನಡುವೆ ಸತ್ತ ಕೋಶಗಳು, ಬ್ಯಾಕ್ಟೀರಿಯಗಳು, ಆಹಾರದ ಕಣಗಳು ಸೇರಿಕೊಳ್ಳುತ್ತವೆ.

ಆರೋಗ್ಯವಂತ ನಾಲಿಗೆಯ ತೆಳು ಹೊದಿಕೆಯನ್ನು ದಾಟಿ ಬೆಳಕು ರಕ್ತವನ್ನು ಮುಟ್ಟುತ್ತದೆ. ಹೀಮೊಗ್ಲೋಬಿನ್ ನೀಲಿ, ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ಕೆಂಪು ಹಿಂದಿರುಗುತ್ತದೆ. ಹೊದಿಕೆ ದಪ್ಪವಾದರೆ ಬೆಳಕು ಅದರೊಳಗೇ ಮತ್ತೆ ಮತ್ತೆ ಚದರಿ, ಎಲ್ಲ ಬಣ್ಣಗಳೂ ಹೆಚ್ಚುಕಡಿಮೆ ಸಮನಾಗಿ ಹೊರಬರುತ್ತವೆ. ಸಾಬೂನಿನ ನೊರೆ ಬೆಳ್ಳಗೆ ಕಾಣುವುದೂ ಹೀಗೆಯೇ.

ರಕ್ತಹೀನತೆಯಲ್ಲಿ ಕಾಣುವುದು ಬೇರೆ. ಅಲ್ಲಿ ಹೊದಿಕೆ ದಪ್ಪವಾಗಿರುವುದಿಲ್ಲ. ಹೀಮೊಗ್ಲೋಬಿನ್ ಕಡಿಮೆಯಾಗಿ ನಾಲಿಗೆಯೇ ಬಿಳಿಚಿಕೊಂಡಿರುತ್ತದೆ. ಕೆಳರೆಪ್ಪೆಯ ಒಳಭಾಗವೂ ಬಿಳಿಚಿರಬಹುದು.

ಕೆರೆದರೆ ಹೋಗುವುದೇ?

ಮೃದುವಾಗಿ ಕೆರೆದಾಗ ಬಿಳುಪು ಕಳಚಿದರೆ ಅದು ಸಾಮಾನ್ಯ ಲೇಪ. ಜ್ವರ, ಬಾಯಿ ಒಣಗುವುದು, ಬಾಯಿಯಿಂದ ಉಸಿರಾಡುವುದು, ಧೂಮಪಾನ ಇದಕ್ಕೆ ಕಾರಣಗಳು. ನೀರು ಕುಡಿದು, ಬಾಯಿ ಶುಚಿಯಾಗಿಟ್ಟುಕೊಂಡರೆ ಸಾಕು.

ಮೊಸರಿನ ಹೆಪ್ಪಿನಂಥ ಮಚ್ಚೆ ಒರೆಸಿದಾಗ ಕಿತ್ತುಬಂದು, ಅಡಿಯಲ್ಲಿ ಕೆಂಪಾಗಿ ಉರಿಯುತ್ತಿದ್ದರೆ ಅದು ಕ್ಯಾಂಡಿಡ ಎಂಬ ಶಿಲೀಂಧ್ರದ ಸೋಂಕಿರಬಹುದು. ಹಸುಗೂಸುಗಳು, ಮಧುಮೇಹಿಗಳು, ಕಟ್ಟುಹಲ್ಲು ಧರಿಸುವವರು, ಆ್ಯಂಟಿಬಯಾಟಿಕ್ ಸೇವಿಸಿದವರಲ್ಲಿ ಇದು ಹೆಚ್ಚು. ದಮ್ಮಿಗಾಗಿ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರು ಪ್ರತಿ ಸಲವೂ ಬಾಯಿ ಮುಕ್ಕಳಿಸಬೇಕು. ಕಾರಣವಿಲ್ಲದೆ ಮರುಕಳಿಸಿದರೆ ಸಕ್ಕರೆಯ ಪ್ರಮಾಣ, ಎಚ್‌ಐವಿ ಪರೀಕ್ಷೆ ಅಗತ್ಯವಾಗಬಹುದು.

ಕೆರೆದರೂ ಹೋಗದ ಬಿಳಿ ಮಚ್ಚೆಯದು ಮೂರನೆಯ ಗುಂಪು. ಜಾಲರಿಯಂಥ ಗೆರೆಗಳಿದ್ದರೆ ಲೈಕೆನ್ ಪ್ಲೇನಸ್ ಇರಬಹುದು. ಬೇರಾವ ಕಾಯಿಲೆಯೂ ಕಾರಣವಾಗಿರದ ಬಿಳಿ ಮಚ್ಚೆಗೆ ಲ್ಯೂಕೊಪ್ಲೇಕಿಯ ಎಂದು ಹೆಸರು. ಇವೆಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಕೆಲವು ಆಗುತ್ತವೆ. ಯಾವುದು ಆಗಬಹುದೆಂದು ಕಣ್ಣಿನಿಂದಷ್ಟೇ ಹೇಳಲಾಗದು. ಚೂರು ಅಂಗಾಂಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಅಡಿಕೆಯ ನಾಡಿನಲ್ಲಿ

ಕುಂದಾಪುರ ತಾಲ್ಲೂಕಿನ ಅಮಾಸೆಬೈಲಿನಂಥ ಘಟ್ಟದ ಬುಡದ ಊರುಗಳಲ್ಲಿ ಅಡಿಕೆ ಬದುಕಿಗೆ ಆಧಾರ. ಬಂದವರ ಮುಂದೆ ಎಲೆಯಡಿಕೆಯ ತಟ್ಟೆ ಇಡುವುದು ಮರ್ಯಾದೆ. ಆದ್ದರಿಂದಲೇ ಈ ವಿಷಯ ಇಲ್ಲಿ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿಯು ಹೊಗೆಸೊಪ್ಪು ಬೆರೆತ ಎಲೆಯಡಿಕೆ ಕ್ಯಾನ್ಸರ್‌ಕಾರಕವೆಂದು 1985ರಲ್ಲಿ ಹೇಳಿತ್ತು. 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಅಡಿಕೆಯನ್ನೂ ಅದೇ ಗುಂಪಿಗೆ ಸೇರಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಪಾನ್ ಮಸಾಲೆಯನ್ನೂ ತಂಬಾಕನ್ನೂ ಬೇರೆ ಬೇರೆ ಪೊಟ್ಟಣಗಳಲ್ಲಿ ಕೊಂಡು ಬೆರೆಸಿಕೊಳ್ಳುವುದು ನಿಲ್ಲಲಿಲ್ಲ.

ಅಡಿಕೆ ಜಗಿಯುವವರಲ್ಲಿ ಇನ್ನೊಂದು ಬಗೆಯ ಬಿಳುಪೂ ಉಂಟು. ಅಡಿಕೆಯ ಅರೆಕೊಲೀನ್ ಮುಂತಾದ ರಾಸಾಯನಿಕಗಳಿಂದ ಬಾಯಿಯ ಒಳಪದರದ ಅಡಿ ಕೊಲಾಜನ್ ನಾರು ಶೇಖರವಾಗುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಕೆನ್ನೆಯ ಒಳಭಾಗ ಅಮೃತಶಿಲೆಯಂತೆ ಬಿಳಿಚುತ್ತದೆ, ನಾಲಿಗೆ ಪೆಡಸಾಗುತ್ತದೆ, ಕೊನೆಗೆ ಬಾಯಿ ತೆರೆಯುವುದೇ ಕಷ್ಟ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ತೋರಿಸಿಕೊಳ್ಳಬೇಕು. ಈ ನಾರು ಒಮ್ಮೆ ಬೆಳೆದರೆ ಪೂರ್ತಿ ಹಿಂದೆ ಸರಿಯುವುದಿಲ್ಲ. ಜಗಿಯುವುದನ್ನು ಬಿಡುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಅಪಾಯದ ಮಚ್ಚೆಗಳು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ‘ನೋವಿಲ್ಲವಲ್ಲ, ಕೊಯ್ಲು ಮುಗಿಯಲಿ’ ಎಂದು ಮುಂದೂಡುವುದು ಇದರಿಂದಲೇ. ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ನಾಲಿಗೆಯ ಅಂಚು, ಅಡಿ, ಕೆನ್ನೆಯ ಒಳಭಾಗ ನೋಡಿಕೊಳ್ಳಿ. ಎರಡು ವಾರ ಕಳೆದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಗಂಟು ಕಂಡರೆ ಹತ್ತಿರದ ಆರೋಗ್ಯ ಕೇಂದ್ರಕ್ಕೋ ದಂತವೈದ್ಯರಲ್ಲಿಗೋ ಹೋಗಿ. ಬೇಗ ಪತ್ತೆಯಾದ ಬಾಯಿಯ ಕ್ಯಾನ್ಸರ್ ಗುಣವಾಗುವ ಸಾಧ್ಯತೆ ಹೆಚ್ಚು.