ಜವೆ ಗೋಧಿ ಔಷಧವಲ್ಲ, ಗಟ್ಟಿ ಬೆಳೆ

ಚೆನ್ನೈನ ಸೌಕಾರ್‌ಪೇಟೆಯಂಥ ದಿನಸಿ ಪೇಟೆಗಳಲ್ಲಿ ಸಾಂಬಾ ಗೋಧಿಗೆ ಈಗ ಹೊಸ ಗಿರಾಕಿಗಳಿದ್ದಾರೆ. ಉತ್ತರ ಕರ್ನಾಟಕದವರು ಹುಗ್ಗಿಗೆ ಬಳಸುವ ಜವೆ ಗೋಧಿ, ಮರಾಠಿಗರ ಖಪ್ಲಿ ಎಲ್ಲವೂ ಅದೇ. ಅದು ಪ್ರಾಚೀನ, ಶುದ್ಧ; ಡ್ಯೂರಂ ಗೋಧಿ ಮಾತ್ರ ಪ್ರಯೋಗಾಲಯದ ಕೂಸು ಎಂಬ ನಂಬಿಕೆ ಬಲವಾಗಿದೆ. ಇದು ಸರಿಯಲ್ಲ. ಎರಡಕ್ಕೂ 28 ವರ್ಣತಂತುಗಳಿವೆ, ಡ್ಯೂರಂ ಹುಟ್ಟಿದ್ದೇ ಜವೆಯ ವಂಶದಲ್ಲಿ. ಆ ವಂಶದಲ್ಲಿ ಒಕ್ಕಿದೊಡನೆ ಹೊಟ್ಟು ಬಿಡುವ ತೆನೆಗಳನ್ನು ರೈತರು ಸಾವಿರಾರು ವರ್ಷಗಳ ಹಿಂದೆಯೇ ಆರಿಸಿಕೊಂಡರು. ನಮ್ಮ ಬನ್ಸಿ ರವೆ ಆ ಡ್ಯೂರಂನದು. ದಿನನಿತ್ಯದ ಚಪಾತಿ ಹಿಟ್ಟು ಬಹುಪಾಲು 42 ವರ್ಣತಂತುಗಳ ಬೇರೆಯೇ ಗೋಧಿಯದು. ಅದರ ಮೇಲಿನ ದೂರನ್ನೂ ಜನ ಡ್ಯೂರಂ ತಲೆಗೆ ಕಟ್ಟುತ್ತಾರೆ. ಇನ್ನು ಜವೆಯೂ ತಳಿ ವಿಜ್ಞಾನಿಗಳ ಕೈ ದಾಟಿಯೇ ಬಂದಿದೆ: ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1009, ಡಿಡಿಕೆ 1025 ಅಂಥ ತಳಿಗಳು.

ಇದಕ್ಕಿಂತ ಅಪಾಯಕಾರಿ ಮಾತು, ಜವೆಯಲ್ಲಿ ಗ್ಲುಟೆನ್ ಇಲ್ಲ ಎಂಬುದು. ಖಂಡಿತ ಇದೆ. ತಿಂದರೆ ಹೊಟ್ಟೆ ಹಗುರವಾಗಿರುತ್ತದೆ ಎಂದು ಅನೇಕರು ಹೇಳುವುದನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಗ್ಲುಟೆನ್ ದುರ್ಬಲ, ಹಿಟ್ಟು ಅಷ್ಟಾಗಿ ಹಿಗ್ಗುವುದಿಲ್ಲ. ಆದರೆ ದುರ್ಬಲವೆಂದರೆ ಇಲ್ಲವೆಂದಲ್ಲ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಇದನ್ನು ಮುಟ್ಟಲೇಬಾರದು. ಪ್ರೋಟೀನ್ ಹೆಚ್ಚು ಎನ್ನುವುದು ಅನೇಕ ಸಲ ನಿಜವಾದರೂ, ಅದಕ್ಕೆ ಇಳುವರಿ ಕಡಿಮೆಯಿರುವುದೂ ಒಂದು ಕಾರಣ: ಕಾಳಿನಲ್ಲಿ ಪಿಷ್ಟ ಕಡಿಮೆ ತುಂಬಿದಾಗ ಪ್ರೋಟೀನಿನ ಪಾಲು ಏರುತ್ತದೆ.

ಜವೆಯ ನಿಜವಾದ ಬೆಲೆ ಹೊಲದಲ್ಲಿ ತಿಳಿಯುತ್ತದೆ. ಒಕ್ಕಿದರೂ ಬಿಡದ ಹೊಟ್ಟು ಕಾಳನ್ನು ಹುಳುವಿನಿಂದ ಕಾಯುತ್ತದೆ. ಅದೇ ಹೊಟ್ಟು ರೈತನಿಗೆ ಹೊರೆಯೂ ಹೌದು. ಅದನ್ನು ಬಿಡಿಸಲು ಮತ್ತೆ ಕುಟ್ಟಬೇಕು, ಇಲ್ಲವೇ ಗಿರಣಿಗೆ ಹಾಕಬೇಕು. ಹೊಟ್ಟು ಸಹಿತ ತೂಗಿದ ಜವೆಯನ್ನು ಬರಿಗಾಳಿನ ಡ್ಯೂರಂ ಪಕ್ಕ ಇಟ್ಟು ಇಳುವರಿ ಹೋಲಿಸುವವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾದರೆ ಇಳುವರಿ ಹೆಚ್ಚಿರುವ ಡ್ಯೂರಂ ಒಂದೇ ಸಾಲದೇ ಎಂದು ಕೇಳಬಹುದು. ಸಾಲದು, ಕಾರಣ ತುಕ್ಕುರೋಗ. 1922ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸ್ಟಾಕ್‌ಮನ್ ಮತ್ತು ಲೆವಿನ್ ಕಾಂಡದ ತುಕ್ಕಿನ ಬಗೆಗಳನ್ನು ಗುರುತಿಸಲು ಆರಿಸಿದ 12 ಗೋಧಿಗಳಲ್ಲಿ ನಮ್ಮ ಖಪ್ಲಿಯೂ ಇತ್ತು. ಅದರಲ್ಲಿ ಎಸ್‌ಆರ್13, ಎಸ್‌ಆರ್14 ಎಂಬ ನಿರೋಧಕ ಜೀನುಗಳು ಪತ್ತೆಯಾದವು. ಉಗಾಂಡದಲ್ಲಿ ಕಾಣಿಸಿಕೊಂಡು ಜಗತ್ತನ್ನೇ ಹೆದರಿಸಿದ ಯುಜಿ99 ತುಕ್ಕನ್ನು ತಡೆಯಲು ಇಂದು ಅನೇಕ ಡ್ಯೂರಂ ತಳಿಗಳು ನೆಚ್ಚಿರುವುದು ಅದೇ ಎಸ್‌ಆರ್13 ಜೀನನ್ನು.